ದೀಪಾವಳಿಗೆ ಕುರಿಗಾರರ ಮನೆಯ ಉಡುಗೊರೆ: ಕಂಬಳಿ, ಜೇನ್ (ಉಣ್ಣೆ ಒತ್ತಿ ಮಾಡಿದ ಹಾಸು), ಸಾಬೂನು, ಗೊಬ್ಬರಗಳ ಹೋಲಿಕೆ

ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ನಮ್ಮ ಊರುಗಳಲ್ಲಿ ದೀಪಾವಳಿಯ ಅಣ್ಣತಂಗಿಯರ ಹಬ್ಬವಾದ ಭಾವುಬೀಜಕ್ಕೆ ಅಕ್ಕತಂಗಿಯರಿಗೆ ಸೀರೆ, ಹಬ್ಬಕ್ಕೆ ಬಂದ ಅಳಿಯನಿಗೆ ಸೋಲಾಪುರದ ಚಾದರ ಕೊಡುವುದು ರೂಢಿ. ಎರಡು ವರ್ಷಗಳಿಂದ ನಾನು ಈ ರೂಢಿಯನ್ನು ಬಿಟ್ಟು, ಸುತ್ತಲಿನ ಸಣ್ಣ ಕುರಿಗಾರರ ಮನೆಗಳಲ್ಲಿ ತಯಾರಾದ ವಸ್ತುಗಳನ್ನೇ ಹಬ್ಬದ ಉಡುಗೊರೆಯಾಗಿ ಕೊಡುತ್ತಿದ್ದೇನೆ. ಪ್ರತಿಯೊಂದನ್ನೂ ಮೊದಲು ನಮ್ಮ ಮನೆಯಲ್ಲಿ ಬಳಸಿ ನೋಡಿದ್ದೇನೆ, ಕೊಟ್ಟ ಮನೆಗಳಿಗೆ ಮುಂದಿನ ವರ್ಷ ಹೋದಾಗ ಅದು ಎಲ್ಲಿದೆ, ಬಳಕೆಯಲ್ಲಿದೆಯೇ ಎಂದು ಕೇಳಿ ತಿಳಿದಿದ್ದೇನೆ. ಕೊಟ್ಟ ಹಣದಲ್ಲಿ ಕುರಿ ಸಾಕಿದವರಿಗೂ ನೂಲು ತೆಗೆದವರಿಗೂ ಎಷ್ಟು ತಲುಪಿತು ಎಂಬುದು ನನ್ನ ಇನ್ನೊಂದು ಅಳತೆಗೋಲು.

ಮೊದಲನೆಯದು ಕೈಯಲ್ಲಿ ನೂತ ಕರಿ ಕಂಬಳಿ. ಇದರ ಉಣ್ಣೆ ದಖ್ಖನಿ ಕುರಿಯದು. ಆ ಉಣ್ಣೆ ಒರಟು; ಅದರಿಂದ ಸ್ವೆಟರ್ ಆಗುವುದಿಲ್ಲ, ಆದರೆ ಕಂಬಳಿಗೆ ಬೇಕಾದ ಗಟ್ಟಿತನ ಆ ಒರಟುತನದಲ್ಲೇ ಇದೆ. ಒಂದು ಕುರಿಯಿಂದ ಒಂದು ಸಲದ ಕತ್ತರಿಗೆ ಕಾಲು ಕಿಲೋ ಆಸುಪಾಸು ಉಣ್ಣೆ ಸಿಗುತ್ತದೆ, ಅದರಲ್ಲಿ ಮುಳ್ಳು, ಮಣ್ಣು, ಹಿಕ್ಕೆ ತೆಗೆದರೆ ಇನ್ನೂ ಕಡಿಮೆಯಾಗುತ್ತದೆ. ನಾನು ಕೊಂಡ ಕಂಬಳಿ ತಕ್ಕಡಿಯಲ್ಲಿ 1 ಕಿಲೋ 900 ಗ್ರಾಂ ತೂಗಿತು. ಅಂದರೆ ಹತ್ತಕ್ಕೂ ಹೆಚ್ಚು ಕುರಿಗಳ ಉಣ್ಣೆ ಒಂದು ಹೊದಿಕೆಯಲ್ಲಿ ಸೇರಿದೆ. ಉಣ್ಣೆಯನ್ನು ಹಿಂಜಿ, ರಾಟಿಯಲ್ಲಿ ನೂತು, ಹಾಸಿನ ನೂಲಿಗೆ ಹುಣಸೆಬೀಜದ ಸರಿ, ಅಂದರೆ ಗಂಜಿ, ಬಳಿದು ಬಿಸಿಲಿಗೆ ಒಣಗಿಸಿ, ಕುಣಿಮಗ್ಗದಲ್ಲಿ ನೇಯುತ್ತಾರೆ. ಈ ಸರಿಯಿಂದಲೇ ಹೊಸ ಕಂಬಳಿ ಮೊದಲ ಕೆಲವು ತಿಂಗಳು ರಟ್ಟಿನಂತೆ ಬಿಗಿಯಾಗಿರುತ್ತದೆ. ನಮ್ಮ ಕಡೆ ಮಳೆಯಲ್ಲಿ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಯ ಮೇಲೆ ಹಾಕಿಕೊಂಡವರು ಒಳಗೆ ಒಣಗಿಯೇ ಇರುವುದಕ್ಕೆ ನೇಯ್ಗೆಯ ಒತ್ತಡದ ಜೊತೆಗೆ ಈ ಸರಿಯೂ ಕಾರಣ.

ಇದನ್ನು ಎಪ್ಪತ್ತೆಂಟು ವರ್ಷದ ನಮ್ಮ ಅವ್ವನಿಗೆ ಕೊಟ್ಟೆ. ಮೊದಲ ಹದಿನೈದು ದಿನ ಅವಳು ಅದನ್ನು ಹೊದೆಯಲಿಲ್ಲ. ಕುತ್ತಿಗೆಗೆ ಚುಚ್ಚುತ್ತದೆ ಎಂದು ಹಾಸಿಗೆಯ ಕೆಳಗೆ ಹಾಕಿಕೊಂಡಳು. ಪುಷ್ಯದ ಚಳಿ ಬಂದಾಗ ಹಳೆಯ ಸೀರೆಯನ್ನು ಒಳಗೆ ಸೇರಿಸಿ ಹೊದೆಯತೊಡಗಿದ ಮೇಲೆ ಮಿಲ್ಲಿನ ರಗ್ಗುಗಳು ಪೆಟ್ಟಿಗೆಗೆ ಹೋದವು. ಉಣ್ಣೆಯು ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಒಳಗೆ ಎಳೆದುಕೊಂಡೂ ಮೈಗೆ ಹಸಿಯೆನಿಸುವುದಿಲ್ಲ. ಅವ್ವ ಇದನ್ನು ತನ್ನ ಮಾತಿನಲ್ಲಿ, ಬೆವರಿದರೂ ಥಂಡಿ ಹತ್ತುವುದಿಲ್ಲ ಎಂದು ಹೇಳುತ್ತಾಳೆ. ಕೊಳ್ಳುವಾಗ ನೇಕಾರರು ಹೇಳಿದ ಒಂದು ಮಾತನ್ನು ಕಂಬಳಿ ಕೊಡುವ ಪ್ರತಿಯೊಬ್ಬರಿಗೂ ನಾನು ಹಾಗೆಯೇ ದಾಟಿಸುತ್ತೇನೆ: “ಬಿಸಿ ನೀರಾಗ ತೊಳೀಬ್ಯಾಡ್ರಿ ಸರ, ಕಂಬಳಿ ಕೂಸಿನ ಅಂಗಿ ಆಗ್ತೈತಿ.” ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯಂಥ ಸಣ್ಣ ಪದರುಗಳಿರುತ್ತವೆ, ಬಿಸಿ ನೀರು, ಸಾಬೂನು, ತಿಕ್ಕಾಟ ಮೂರೂ ಸೇರಿದರೆ ಆ ಪದರುಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗುತ್ತದೆ.

ಬೆಲೆ 2,400 ರೂಪಾಯಿ. ಇದು ಸಣ್ಣ ಮೊತ್ತವಲ್ಲ. ಕುರಿಯ ಮರಿಗೆ ಮೊದಲ ಸಲ ಕತ್ತರಿ ಹಾಕಿದಾಗ ಸಿಗುವ ಜಾವಳದ ಉಣ್ಣೆಯಿಂದ ನೇಯ್ದ ಕಂಬಳಿ ಇದಕ್ಕಿಂತ ಬಹಳ ಮೃದು. ಕೈಯಾಡಿಸಿ ನೋಡಿದೆ, ಬೆಲೆ ಕೇಳಿ ಅಲ್ಲೇ ಇಟ್ಟು ಬಂದೆ. ಕೂಸು ಹುಟ್ಟಿದ ಮನೆಗೆ ಕೊಡುವವರು ಅದನ್ನೇ ಕೊಳ್ಳಬೇಕೆಂದು ನನ್ನ ಅಭಿಪ್ರಾಯ.

ಕೈನೂಲಿನ ಕಂಬಳಿಗೆ ನೇರ ಪೈಪೋಟಿ ಕೊಡುವುದು ಸಂತೆಯಲ್ಲೂ ಜಾತ್ರೆಯಲ್ಲೂ ರಾಶಿ ಹಾಕಿ ಮಾರುವ ಮಿಲ್ಲಿನ ಕರಿ ಕಂಬಳಿ. ಮೊದಲ ವರ್ಷ ಅಂಥದೊಂದನ್ನು, ಪೂರ್ತಿ ಕುರಿ ಉಣ್ಣೆಯದೆಂಬ ಅಂಗಡಿಯವರ ಮಾತನ್ನು ನಂಬಿ, 650 ರೂಪಾಯಿಗೆ ಕೊಂಡು ನಮ್ಮ ಭಾವನವರಿಗೆ ಕೊಟ್ಟೆ. ಮೂರು ತಿಂಗಳಲ್ಲಿ ಅದರ ಮೈಮೇಲೆಲ್ಲ ಗುಳ್ಳೆ ಎದ್ದಿತು. ಅಂಚಿನಿಂದ ಒಂದು ಎಳೆ ಕಿತ್ತು ದೀಪಕ್ಕೆ ಹಿಡಿದಾಗ ಅದು ಕರಗಿ, ತುದಿಯಲ್ಲಿ ಗಟ್ಟಿ ಮಣಿಯಾಗಿ ನಿಂತಿತು. ಅವ್ವನ ಕಂಬಳಿಯ ಎಳೆಯನ್ನು ಅದೇ ದೀಪಕ್ಕೆ ಹಿಡಿದರೆ ಕೂದಲು ಸುಟ್ಟ ವಾಸನೆ ಬಂತು. ಉರಿ ತನ್ನಷ್ಟಕ್ಕೆ ಆರಿತು, ಉಳಿದ ಕರಿಯನ್ನು ಬೆರಳಲ್ಲಿ ಒತ್ತಿದರೆ ಪುಡಿಯಾಯಿತು. ಈಗ ಕೊಳ್ಳುವ ಮೊದಲೇ ಅಂಚಿನ ಒಂದು ಎಳೆ ಕೇಳಿ ಸುಟ್ಟು ನೋಡುತ್ತೇನೆ; ನಿಜವಾಗಿ ನೇಯ್ದವರು ಯಾರೂ ಇದಕ್ಕೆ ಬೇಸರಪಟ್ಟುಕೊಂಡಿಲ್ಲ. ಅಗ್ಗದ ಹೊದಿಕೆಯೇ ಬೇಕಾದವರು ಹತ್ತಿಯ ಸೋಲಾಪುರ ಚಾದರವನ್ನೇ ಕೊಡಲಿ, ಅದು ತಾನು ಏನೆಂದು ಮುಚ್ಚಿಡುವುದಿಲ್ಲ.

ಎರಡು ವರ್ಷಗಳ ಪ್ರಯೋಗದಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟದ್ದು ಜೇನ್. ಮರಾಠಿಯಲ್ಲಿ ಜೇನ್ ಎಂದರೆ ನೇಯದೆ, ಉಣ್ಣೆಯನ್ನು ಒತ್ತಿ ಮಾಡಿದ ದಪ್ಪ ಹಾಸು. ಕಂಬಳಿಯನ್ನು ಹಾಳುಮಾಡುವ ಗುಣವೇ ಇಲ್ಲಿ ಕಸುಬಾಗುತ್ತದೆ: ಹಿಂಜಿದ ಉಣ್ಣೆಯನ್ನು ಚಾಪೆಯ ಮೇಲೆ ಪದರು ಪದರಾಗಿ ಹರಡಿ, ಬಿಸಿ ಸಾಬೂನು ನೀರು ಚಿಮುಕಿಸಿ, ಚಾಪೆಯ ಸಮೇತ ಸುತ್ತಿ ಕಾಲಿನಿಂದ ಉರುಳಿಸುತ್ತಾರೆ. ನಾನು ನೋಡಿದ ದಿನ ಗಂಡ ಹೆಂಡತಿ ಗೋಡೆಗೆ ಕೈಕೊಟ್ಟು ನಿಂತು, ಆ ಸುರುಳಿಯನ್ನು ಒಬ್ಬರ ನಂತರ ಒಬ್ಬರು ತುಳಿಯುತ್ತಿದ್ದರು. ಅರ್ಧ ತಾಸಿಗೊಮ್ಮೆ ಬಿಚ್ಚಿ, ತೆಳುವಾದ ಕಡೆ ಒಂದು ಚಿಟಿಕೆ ಉಣ್ಣೆ ಇಟ್ಟು ಮತ್ತೆ ಸುತ್ತುತ್ತಿದ್ದರು. ಎರಡು ಅಡಿ ಚೌಕದ ಒಂದು ಕೂಡುವ ಜೇನಿಗೆ 600 ರೂಪಾಯಿ ಕೊಟ್ಟೆ. ಇದಕ್ಕೆ ನೂಲುವ ಕೆಲಸವಿಲ್ಲ, ಮಗ್ಗವೂ ಬೇಡ. ನೇಯ್ಗೆಗೆ ಬಾರದ ಗಿಡ್ಡ ಎಳೆಯ ಉಣ್ಣೆಯೂ ಇದರಲ್ಲಿ ಸಲ್ಲುತ್ತದೆ. ಉಣ್ಣೆ ಮಾರಿದರೆ ಕತ್ತರಿಸಿದವರ ಕೂಲಿಯೂ ಹುಟ್ಟುವುದಿಲ್ಲ ಎಂದು ಹಿಂಡಿನವರು ಹೇಳುವ ಈ ಕಾಲದಲ್ಲಿ ಇದು ದೊಡ್ಡ ಮಾತು.

ಐದು ಜೇನ್‌ಗಳನ್ನು ಐದು ಮನೆಗಳಿಗೆ ಕೊಟ್ಟಿದ್ದೆ. ವರ್ಷದ ನಂತರ ಐದೂ ಬಳಕೆಯಲ್ಲಿದ್ದವು: ಎರಡು ದೇವರ ಮುಂದೆ, ಒಂದು ಹೊಲಿಗೆ ಯಂತ್ರದ ಕುರ್ಚಿಯ ಮೇಲೆ, ಒಂದು ಮಂಡಿನೋವಿನ ಕಾಕಾ ಕೂಡುವ ಕಟ್ಟೆಯ ಕಲ್ಲಿನ ಮೇಲೆ, ಇನ್ನೊಂದು ಪುಣೆಯಲ್ಲಿ ನಮ್ಮ ಅಕ್ಕನ ಮಗಳ ಯೋಗದ ಮೂಲೆಯಲ್ಲಿ. ದೋಷವೆಂದರೆ ನುಸಿ. ಪುಣೆಯ ಮಳೆಗಾಲದಲ್ಲಿ ಮಡಿಚಿಟ್ಟ ಜೇನಿಗೆ ಎರಡು ತೂತು ಬಿದ್ದಿದ್ದವು. ದಿನಾ ಕೂಡುವ ಜೇನಿಗೆ ನುಸಿ ಹತ್ತಿದ್ದನ್ನು ನಾನು ಕಂಡಿಲ್ಲ. ಎತ್ತಿಡುವುದಾದರೆ ಬಿಸಿಲಿಗೆ ಹಾಕಿ, ಜಾಡಿಸಿ, ಒಣಗಿದ ಬೇವಿನೆಲೆ ಸೇರಿಸಿ ಇಡಬೇಕು.

ಕುರಿ ಹಾಲಿನ ಸಾಬೂನನ್ನು ಹೆಚ್ಚು ಹೊಗಳಲಾರೆ. ಕುರಿ ಹಾಲಿನಲ್ಲಿ ಕೊಬ್ಬು ನೂರಕ್ಕೆ ಆರೇಳು ಭಾಗ, ಆಕಳ ಹಾಲಿಗಿಂತ ಸ್ಪಷ್ಟವಾಗಿ ಹೆಚ್ಚು. ಹಾಗಾಗಿ ಸಾಬೂನು ಮೈಯನ್ನು ಬಿರುಕು ಬಿಡಿಸುವುದಿಲ್ಲ, ನೊರೆಯೂ ನಯ. ಆದರೆ 120 ರೂಪಾಯಿಯ ಬಿಲ್ಲೆ ಹದಿನೆಂಟು ದಿನಕ್ಕೆ ಮುಗಿಯಿತು, ಮುಂದಿನ ಹಬ್ಬಕ್ಕೆ ಯಾರಿಗೂ ಅದರ ನೆನಪಿರಲಿಲ್ಲ. ನಮ್ಮ ಕುರಿಗಳು ಕೊಡುವ ಹಾಲು ಮೊದಲೇ ಅಲ್ಪ. ಅದು ಮರಿಗಳ ಪಾಲು. ಹಾಲು ಕರೆದು ಸಾಬೂನು ಮಾಡಿದರೆ ಮರಿಯ ತೂಕ ಇಳಿಯುತ್ತದೆ ಎಂಬ ಕುರಿಗಾರರ ಆತಂಕ ನ್ಯಾಯವಾದುದು.

ಗೊಬ್ಬರದ ಚೀಲವನ್ನು ಉಡುಗೊರೆಯೆಂದು ಕೊಡುವಾಗ ಅಳುಕಿದ್ದೆ. ದಾಳಿಂಬೆ ಬೆಳೆಯುವ ನಮ್ಮ ಸೋದರಮಾವನಿಗೆ ನೂರು ರೂಪಾಯಿಗೊಂದರಂತೆ ಹತ್ತು ಚೀಲ ಕಳುಹಿಸಿದೆ. ಯಾವ ಸೀರೆ ಧೋತ್ರಕ್ಕೂ ಅವರು ಇಷ್ಟು ಮನಸಾರೆ ಸಂತೋಷಪಟ್ಟದ್ದನ್ನು ನಾನು ಕಂಡಿರಲಿಲ್ಲ. ಕುರಿ ಗೊಬ್ಬರದಲ್ಲಿ ದನದ ಗೊಬ್ಬರಕ್ಕಿಂತ ಸಾರಜನಕ ಹೆಚ್ಚು. ಅದಕ್ಕೇ ರೈತರು ದುಡ್ಡೋ ಕಾಳೋ ಕೊಟ್ಟು ಹೊಲದಲ್ಲಿ ಕುರಿ ತರುಬಿಸುತ್ತಾರೆ, ಅಂದರೆ ಗೊಬ್ಬರಕ್ಕಾಗಿ ಹಿಂಡನ್ನು ಅಲ್ಲೇ ತಂಗಿಸುತ್ತಾರೆ. ಪಟ್ಟಣದ ಕುಂಡಗಳಿಗೆ ಮಾತ್ರ ಚೆನ್ನಾಗಿ ಕಳಿತದ್ದನ್ನೇ ಕೊಡಬೇಕು. ನಾನು ಹಸಿ ಹಿಕ್ಕೆಯನ್ನೇ ಪುಣೆಗೆ ಕಳುಹಿಸಿ ತಪ್ಪು ಮಾಡಿದೆ. ಕುರಿಗಳು ತಿಂದ ಜಾಲಿಕಾಯಿಯ ಬೀಜಗಳು ಹೊಟ್ಟೆಯಲ್ಲಿ ಸಾಯದೆ ಬಂದು, ತುಳಸಿಯ ಕುಂಡದಲ್ಲಿ ಜಾಲಿ ಸಸಿಗಳಾಗಿ ಎದ್ದವು.

ಕೊಳ್ಳುವ ಹೊತ್ತಿನ ಬಗ್ಗೆ ಒಂದು ಮಾತು ಹೇಳಲೇಬೇಕು. ದೀಪಾವಳಿ ಅಮಾವಾಸ್ಯೆಗೆ ಮಂಗಳವೇಢೆ ತಾಲ್ಲೂಕಿನ ಹುಲಜಂತಿಯಲ್ಲಿ ಕುರಿಗಾರರ ದೈವ ಮಹಾಲಿಂಗರಾಯನ ಜಾತ್ರೆ ನೆರೆದಾಗ, ಡೊಳ್ಳಿನ ಸದ್ದು, ಭಂಡಾರದ ಹಳದಿಯ ನಡುವೆ ಹೆಗಲು ಹೆಗಲಿಗೆ ಕರಿ ಕಂಬಳಿ ಕಾಣುತ್ತದೆ. ಕಂಬಳಿ ಗದ್ದುಗೆ ಹಾಸದೆ ಕಾರ್ಯ ಆರಂಭವಾಗದ ಮನೆತನಗಳು ನಮ್ಮಲ್ಲಿ ಈಗಲೂ ಇವೆ. ಹಬ್ಬ ಹತ್ತಿರವಾದ ಮೇಲೆ ಕೇಳಿದರೆ ಕೈನೂಲಿನ ಕಂಬಳಿ ಸಿಗದೆ ಮಿಲ್ಲಿನದೇ ಕೈಗೆ ಬರುವುದಕ್ಕೆ ಈ ಬೇಡಿಕೆ ಒಂದು ಕಾರಣ. ಇನ್ನೊಂದು ಕಾರಣ ನಮ್ಮ ತಾಲ್ಲೂಕಿನದೇ ಮಾಡಗ್ಯಾಳ ತಳಿ. ಗಿಣಿಮೂಗಿನ ಈ ಕುರಿಗೆ ಮಾಂಸದ ಬೆಲೆ ದೊಡ್ಡದು, ಮೈಮೇಲೆ ಉಣ್ಣೆ ಇಲ್ಲವೆನ್ನುವಷ್ಟು ಕಡಿಮೆ. ಹಿಂಡಿನಲ್ಲಿ ಮಾಡಗ್ಯಾಳ ಹೆಚ್ಚಿದಷ್ಟೂ ದಖ್ಖನಿ ಕಡಿಮೆಯಾಗುತ್ತಿದೆ. ಹೊಟ್ಟೆಪಾಡಿಗಾಗಿ ತಳಿ ಬದಲಿಸಿದ ಕುರಿಗಾರರನ್ನು ನಾನು ದೂರಲಾರೆ. ಉಣ್ಣೆಗೂ ಬೆಲೆ ಬಂದರೆ ನಾಲ್ಕು ಕರಿ ಕುರಿ ಉಳಿಸಿಕೊಳ್ಳುತ್ತೇವೆ ಎಂದು ಅವರೇ ಹೇಳಿದ್ದಾರೆ.

ಹಾಗಾಗಿ ಈ ಸಲ ಆಷಾಢದ ಕತ್ತರಿಯಾದ ಕೂಡಲೇ ಮುಂಗಡ ಕೊಟ್ಟು ಬಂದಿದ್ದೇನೆ: ಎಂಟು ಜೇನ್, ಮಾವನಿಗೆ ಮತ್ತೆ ಹತ್ತು ಚೀಲ ಗೊಬ್ಬರ, ಹಿರಿಯ ಅಕ್ಕನಿಗೆ ಒಂದು ಕಂಬಳಿ. ಅಕ್ಕ ಅಂಚಿನಲ್ಲಿ ಬಿಳಿ ಗೆರೆ ಬೇಕೆಂದು ಕೇಳಿದ್ದಾಳೆ. ಬಣ್ಣ ಹಾಕಿದ ನೂಲು ಬೇಡ, ಕುರಿಯದೇ ಬಿಳುಪು ಇರಲಿ ಎಂದು ನಾನು ಹೇಳಿದ್ದೇನೆ; ಆ ಹಿಂಡಿನಲ್ಲಿ ಬಿಳಿ ಉಣ್ಣೆಯ ಕುರಿಗಳು ಎರಡೇ ಇರುವುದರಿಂದ, ಗೆರೆ ಎಷ್ಟು ಅಗಲ ಬರುತ್ತದೆ ಎಂಬುದು ನೂಲು ತೆಗೆದ ಮೇಲೆಯೇ ತಿಳಿಯುತ್ತದೆ ಎಂದು ನೇಕಾರರು ಹೇಳಿ ಕಳುಹಿಸಿದ್ದಾರೆ.