ಲ್ಯಾವೆಂಡರ್ ಕೋಳಿಗೆ ಶುದ್ಧ ಜೋಡಿಯೋ, ಕಪ್ಪು ಹೇಂಟೆಯೋ?

ಯಲಹಂಕದ ಹಿತ್ತಲಿಗೆ ತಿಳಿ ನೀಲಿ-ಬೂದು ಗರಿಯ ಲ್ಯಾವೆಂಡರ್ ಕೋಳಿಗಳ ಜೋಡಿಯನ್ನೇ ಕೊಳ್ಳಲೇ, ಹುಂಜ ಮಾತ್ರ ತಂದು ಕಪ್ಪು ಹೇಂಟೆಯೊಂದಿಗೆ ಬಿಡಲೇ ಎಂದು ಕೇಳಿದ್ದೀರಿ. ಈ ಬಣ್ಣ ದುರ್ಬಲ ಗುಣ. ತಂದೆ, ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಕಾಣುತ್ತದೆ.

ಅವಸರವಿದ್ದರೆ ಜೋಡಿಯೇ ಸರಿ. ಕಾವಿಗಿಟ್ಟ 21 ದಿನಕ್ಕೆ ಹೊರಬರುವ ಮರಿಗಳೆಲ್ಲ ಲ್ಯಾವೆಂಡರ್. ಕಪ್ಪು ಹೇಂಟೆಯ ಮೊದಲ ಪೀಳಿಗೆ ಪೂರ್ತಿ ಕಪ್ಪು. ಅವು ಮೊಟ್ಟೆಗೆ ಬರಲು ಐದಾರು ತಿಂಗಳು ಕಾಯಬೇಕು. ಆ ಹೇಂಟೆಗಳನ್ನು ಮತ್ತೆ ಲ್ಯಾವೆಂಡರ್ ಹುಂಜಕ್ಕೆ ಕೂಡಿಸಿದರೆ ಸರಾಸರಿ ಅರ್ಧ, ಅದೇ ಪೀಳಿಗೆಯ ಕಪ್ಪು ಹುಂಜಕ್ಕೆ ಕೂಡಿಸಿದರೆ ಕಾಲು ಭಾಗ ಮರಿಗಳಿಗೆ ಬಣ್ಣ. ಹೀಗೆ ಅದೇ ಪೀಳಿಗೆಯಲ್ಲೇ ಕೂಡಿಸಿದರೆ ಇನ್ನೊಂದು ತಲೆನೋವಿದೆ: ಉಳಿದ ಕಪ್ಪು ಮರಿಗಳಲ್ಲಿ ಮೂರರಲ್ಲಿ ಎರಡು ಗುಣವನ್ನು ಒಳಗೇ ಹೊತ್ತಿರುತ್ತವೆ, ಯಾವುವೆಂದು ನೋಡಿ ಹೇಳಲಾಗದು.

ಕಪ್ಪು ಹೇಂಟೆಯ ದಾರಿಗೆ ಜಾಗವೂ ಹೆಚ್ಚು ಬೇಕು. ಬೆಳಗಿನ ಜಾವ ಕೂಗುವ ಹುಂಜಗಳೂ ಹೆಚ್ಚುತ್ತವೆ. ಪಕ್ಕದ ಮನೆಯವರ ತಾಳ್ಮೆಯನ್ನು ನೀವೇ ಅಳೆಯಿರಿ.

ಗರಿಯ ವಿಷಯದಲ್ಲಿ ಮಾತ್ರ ನನ್ನ ಒಲವು ಕಪ್ಪಿನ ಕಡೆಗೆ. ಲ್ಯಾವೆಂಡರ್‌ಗೆ ಲ್ಯಾವೆಂಡರನ್ನೇ ಪೀಳಿಗೆಗಟ್ಟಲೆ ಕೂಡಿಸಿದ ಹಲವು ಹಿಂಡುಗಳಲ್ಲಿ ಬಾಲದ ಗರಿ ಹರಿದ ಪೊರಕೆಯಂತಾಗುತ್ತದೆ; ಕಪ್ಪಿನ ರಕ್ತ ಅದನ್ನು ಸುಧಾರಿಸುತ್ತದೆ. ಆದರೆ ಹೇಂಟೆ ಅದೇ ತಳಿಯದಾಗಿರಲಿ. ಸಂತೆಯ ನಾಟಿ ಕೋಳಿಯಿಂದ ತಳಿಯ ಮೈಕಟ್ಟು ಉಳಿಯುವುದಿಲ್ಲ.

ಚಿಕ್ಕ ಗೂಡು, ನೋಡುವ ಆಸೆಯಷ್ಟೇ ಇದ್ದರೆ ಜೋಡಿ ಕೊಳ್ಳಿ. ದೊಡ್ಡಬಳ್ಳಾಪುರದ ಕಡೆ ತೋಟವಿದ್ದು, ವರ್ಷಗಟ್ಟಲೆ ತಳಿ ಉಳಿಸುವ ಯೋಚನೆಯಿದ್ದರೆ ಕಪ್ಪು ಹೇಂಟೆ ತನ್ನಿ.