ಒಎಲ್‌ಇಡಿ, ಮಿನಿ ಎಲ್‌ಇಡಿ: ಚಿಕ್ಕಮಗಳೂರಿನ ಒಂದೇ ಹಾಲ್‌ನಲ್ಲಿ ಎರಡನ್ನೂ ಇಟ್ಟು ನೋಡಿದ್ದು

ಒಎಲ್‌ಇಡಿ ತಗೊಳ್ಳೋದಾ, ಮಿನಿ ಎಲ್‌ಇಡಿ ತಗೊಳ್ಳೋದಾ ಎಂದು ಯಾರು ಕೇಳಿದರೂ ಬಜೆಟ್‌ಗಿಂತ ಮೊದಲು ನಾನು ಕೇಳುವುದು ಇದನ್ನು: ರಾತ್ರಿ ಮಲಗುವಾಗ ಟಿವಿಯ ಪ್ಲಗ್ ಕೀಳುವ ಅಭ್ಯಾಸ ಮನೆಯಲ್ಲಿದೆಯಾ? ಚಿಕ್ಕಮಗಳೂರು, ಮೂಡಿಗೆರೆ ಕಡೆಯವರಿಗೆ ಈ ಪ್ರಶ್ನೆ ವಿಚಿತ್ರ ಅನ್ನಿಸುವುದಿಲ್ಲ. ಮುಂಗಾರಿಗೆ ಮುಂಚಿನ ಗುಡುಗು ಮಿಂಚಿಗೆ ಸೆಟ್‌ಟಾಪ್ ಬಾಕ್ಸ್ ಸುಟ್ಟುಕೊಂಡವರು ಬೀದಿಗೊಬ್ಬರಾದರೂ ಸಿಗುತ್ತಾರೆ. ಸಂಜೆ ಮೋಡ ಕವಿದರೆ ಸಾಕು, ಡಿಶ್ ಕೇಬಲ್ ಸಮೇತ ಎಲ್ಲವನ್ನೂ ಕಿತ್ತಿಡುವುದು ನಮ್ಮಲ್ಲಿ ರೂಢಿ.

ಒಎಲ್‌ಇಡಿಗೆ ಈ ರೂಢಿ ಆಗಿಬರುವುದಿಲ್ಲ. ಮಿನಿ ಎಲ್‌ಇಡಿಯ ಹಾಗೆ ಹಿಂದಿನಿಂದ ಪುಟ್ಟ ದೀಪಗಳು ಬೆಳಕು ಕೊಡುವುದಲ್ಲ, ಅದರಲ್ಲಿ ಒಂದೊಂದು ಪಿಕ್ಸೆಲ್ಲೂ, ಅಂದರೆ ಚಿತ್ರದ ಒಂದೊಂದು ಚುಕ್ಕಿಯೂ, ತಾನೇ ಬೆಳಗುತ್ತದೆ. ಹೆಚ್ಚು ಬೆಳಗಿದ್ದು ಬೇಗ ಸವೆಯುತ್ತದೆ. ಆ ಏರುಪೇರನ್ನು ಸರಿದೂಗಿಸಲು, ಒಟ್ಟು ನಾಲ್ಕು ಗಂಟೆಯಷ್ಟು ಓಡಿದ ಮೇಲೆ ರಿಮೋಟ್‌ನಿಂದ ಆಫ್ ಮಾಡಿದಾಗ, ಟಿವಿ ಸ್ಟ್ಯಾಂಡ್‌ಬೈನಲ್ಲೇ ಕೆಲವು ನಿಮಿಷ ತನ್ನ ಪಾಡಿಗೆ ತಾನು ರಿಪೇರಿ ಮಾಡಿಕೊಳ್ಳುತ್ತದೆ. ಗೋಡೆಯ ಸ್ವಿಚ್ಚನ್ನೇ ಆರಿಸಿದರೆ ಆ ಕೆಲಸ ನಡೆಯುವುದಿಲ್ಲ. ಒಂದು ದಿನ ತಪ್ಪಿದರೆ ಏನೂ ಆಗದು. ವರ್ಷವಿಡೀ ತಪ್ಪಿಸುತ್ತಾ ಹೋದರೆ ನ್ಯೂಸ್ ಚಾನೆಲ್‌ನ ಲೋಗೊ ಪರದೆಯ ಮೂಲೆಯಲ್ಲಿ ಕಾಯಂ ಆಗಿ ನಿಲ್ಲುವ ದಿನ ಹತ್ತಿರವಾಗುತ್ತದೆ. ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವ ಅವಕಾಶ ನನಗೆ ಸಿಕ್ಕಿದ್ದು ಭಾವನಿಂದ. 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರ ಬದಲು ಶೇ 18 ಆಯಿತಲ್ಲ, ಆಮೇಲೆ ಬಂದ ದೀಪಾವಳಿ ಆಫರ್‌ನಲ್ಲಿ ಅವರು ಹಾಸನದ ಹೊಸ ಮನೆಗೆಂದು 65 ಇಂಚಿನ ಒಎಲ್‌ಇಡಿ ಕೊಂಡರು. ಗೃಹಪ್ರವೇಶ ಮುಂದಕ್ಕೆ ಹೋಯಿತು. ಗಾರೆ ಕೆಲಸದ ಧೂಳಿನಲ್ಲಿ ಇಡುವುದು ಬೇಡವೆಂದು ಟಿವಿ ನಮ್ಮ ಮನೆಗೆ ಬಂತು. ನಮ್ಮಲ್ಲಿ ಆಗಲೇ ಅಷ್ಟೇ ದೊಡ್ಡ ಮಿನಿ ಎಲ್‌ಇಡಿ ಗೋಡೆಯ ಮೇಲಿತ್ತು. ಅದರ ಪಕ್ಕ ಊಟದ ಟೇಬಲ್ ಎಳೆದು ಇದನ್ನು ಕೂರಿಸಿದೆವು. ಕಂಪನಿಗಳ ಹೆಸರು ಬೇಡ, ಇಲ್ಲಿರುವುದು ಪ್ಯಾನೆಲ್‌ನ ಮಾತು.

ಹಗಲಿನ ಫಲಿತಾಂಶ ಬೇಗ ಹೇಳಿ ಮುಗಿಸಬಹುದು. ನಮ್ಮ ಹಾಲ್‌ಗೆ ಪೂರ್ವದ ಕಿಟಕಿ, ಅಂಗಳದ ಬೆಳಕು ನೇರ ಒಳಗೆ. ಬೆಳಗಿನ ನ್ಯೂಸ್, ಮಧ್ಯಾಹ್ನದ ಧಾರಾವಾಹಿ, ಕ್ರಿಕೆಟ್, ಮೂರರಲ್ಲೂ ಮಿನಿ ಎಲ್‌ಇಡಿಯದೇ ಕೈ ಮೇಲು. ಅಪ್ಪ ಒಎಲ್‌ಇಡಿಯ ಕಡೆ ತಿರುಗಿಯೂ ನೋಡಲಿಲ್ಲ. ಒಂದು ಕೊರತೆ ಮಾತ್ರ ಇದೆ: ದಿವಾನದ ತುದಿಯಲ್ಲಿ ಕೂತವರಿಗೆ ಬಣ್ಣ ಮಾಸಿ ಕಾಣುತ್ತದೆ. ಒಎಲ್‌ಇಡಿ ಯಾವ ಮೂಲೆಯಿಂದ ನೋಡಿದರೂ ಒಂದೇ.

ರಾತ್ರಿ ಲೈಟ್ ಆರಿಸಿದಾಗ ಲೆಕ್ಕ ತಲೆಕೆಳಗಾಯಿತು. ಕತ್ತಲ ಕಾಡಿನಲ್ಲಿ ಒಬ್ಬ ಟಾರ್ಚ್ ಹಿಡಿದು ನಡೆಯುವ ದೃಶ್ಯ. ಒಎಲ್‌ಇಡಿಯಲ್ಲಿ ಟಾರ್ಚ್ ಮಾತ್ರ ಬೆಳಕು, ಉಳಿದದ್ದೆಲ್ಲ ಕಡುಗಪ್ಪು, ಪರದೆ ಎಲ್ಲಿ ಮುಗಿದು ಗೋಡೆ ಎಲ್ಲಿ ಶುರುವಾಯಿತು ಎಂದು ಗೊತ್ತಾಗದಷ್ಟು. ಮಿನಿ ಎಲ್‌ಇಡಿಯಲ್ಲಿ ಅದೇ ಟಾರ್ಚ್ ಸುತ್ತ ಮಂಕು ಪ್ರಭೆ, ಕೆಳಗೆ ಬಿಳಿ ಸಬ್‌ಟೈಟಲ್ ಬಂದಾಗಲೆಲ್ಲ ಅದರ ಹಿಂದೆಯೂ ಬೂದು ಮೋಡ. ಕಾರಣ ಸರಳ. 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್‌ಗಳಿವೆ. ಮಿನಿ ಎಲ್‌ಇಡಿಯಲ್ಲಿ ಅವುಗಳ ಹಿಂದಿನ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ವಲಯಗಳು ಮಾದರಿಗೆ ತಕ್ಕಂತೆ ಕೆಲವು ನೂರು, ಹೆಚ್ಚೆಂದರೆ ಕೆಲವು ಸಾವಿರ. ಒಂದು ಚಿಕ್ಕ ಟಾರ್ಚ್‌ಗಾಗಿ ಇಡೀ ವಲಯ ಬೆಳಗಬೇಕು.

ಹಾಗೆಂದು ಒಎಲ್‌ಇಡಿ ಎಲ್ಲೂ ಸೋಲುವುದಿಲ್ಲ ಎಂದಲ್ಲ. ಗೆಳೆಯನೊಬ್ಬ ಮುಳ್ಳಯ್ಯನಗಿರಿಯಲ್ಲಿ ತೆಗೆದ ಎಚ್‌ಡಿಆರ್ (ಬೆಳಕು, ಕತ್ತಲೆಗಳ ಅಂತರವನ್ನು ಹೆಚ್ಚು ತೋರಿಸುವ) ವಿಡಿಯೊ ಹಾಕಿದೆ. ಮೊದಲು ಹಸಿರು ಇಳಿಜಾರು, ಎರಡರಲ್ಲೂ ಚೆಂದ. ಆಮೇಲೆ ಮಂಜು ಏರಿ ಬಂದು ಪರದೆ ತುಂಬಾ ಬಿಳಿಯಾಯಿತು ನೋಡಿ, ಒಎಲ್‌ಇಡಿ ಕಣ್ಣೆದುರೇ ಮಂಕಾಯಿತು. ಚಿಕ್ಕ ಜಾಗವನ್ನು ಅದು ಎಷ್ಟೇ ಪ್ರಖರವಾಗಿ ಬೆಳಗಿದರೂ ಪೂರ್ತಿ ಪರದೆಯನ್ನು ಅಷ್ಟೇ ಬೆಳಗಲು ಬಿಟ್ಟರೆ ಬಿಸಿ, ಕರೆಂಟು ಎರಡೂ ಮಿತಿ ಮೀರುತ್ತವೆ. ಅದಕ್ಕೇ ತಾನಾಗಿ ತಗ್ಗಿಸಿಕೊಳ್ಳುತ್ತದೆ. ಮಿನಿ ಎಲ್‌ಇಡಿಯಲ್ಲಿ ಆ ಮಂಜು ಕಣ್ಣು ಕಿರಿದಾಗಿಸುವಷ್ಟು ಬಿಳಿ. ಮಲೆನಾಡಿನವರಿಗೆ ಅದೇ ನಿಜದ ಮಂಜು.

ಇಷ್ಟು ಹೇಳಿದ ಮೇಲೂ, ಪ್ಯಾನೆಲ್‌ಗಳ ನಡುವಿನ ವ್ಯತ್ಯಾಸಕ್ಕಿಂತ ಟಿವಿಯ ಪಿಕ್ಚರ್ ಸೆಟ್ಟಿಂಗ್‌ನಲ್ಲಿ ಬಣ್ಣ ಢಾಳಾಗಿ ತೋರಿಸುವ ವಿವಿಡ್ ಮೋಡ್‌ಗೂ, ಸಿನಿಮಾ ತೆಗೆದಂತೆಯೇ ತೋರಿಸುವ ಫಿಲ್ಮ್‌ಮೇಕರ್ ಮೋಡ್‌ಗೂ ಇರುವ ವ್ಯತ್ಯಾಸವೇ ದೊಡ್ಡದು ಎನ್ನುವುದು ನನ್ನ ಅಭಿಪ್ರಾಯ. ಇನ್‌ಸ್ಟಾಲೇಶನ್‌ಗೆ ಬಂದ ಹುಡುಗ ವಿವಿಡ್ ಹಾಕಿ, ಯೂಟ್ಯೂಬ್‌ನಲ್ಲಿ ಗಿಳಿ, ಹಣ್ಣು ಇರುವ ಡೆಮೊ ತೋರಿಸಿ, ಸಹಿ ಹಾಕಿಸಿಕೊಂಡು ಹೋದ. ಲಕ್ಷ ದಾಟಿದ ಟಿವಿಗೆ ಸಿಕ್ಕ ಕ್ಯಾಲಿಬ್ರೇಶನ್ (ಬಣ್ಣ, ಬೆಳಕು ಹೊಂದಿಸುವ ಕೆಲಸ) ಅಷ್ಟೇ. ಫಿಲ್ಮ್‌ಮೇಕರ್ ಮೋಡ್ 2019ರಲ್ಲಿ ಟಿವಿ ಕಂಪನಿಗಳು, ಸಿನಿಮಾ ಸ್ಟುಡಿಯೊಗಳು ಸೇರಿದ ಯುಎಚ್‌ಡಿ ಅಲಯನ್ಸ್ ಎಂಬ ಕೂಟ ತಂದದ್ದು. ಒಂದು ಗುಂಡಿ ಒತ್ತಿದರೆ ಮೋಶನ್ ಸ್ಮೂದಿಂಗ್ (ಚಲನೆಯನ್ನು ಕೃತಕವಾಗಿ ನಯ ಮಾಡುವುದು), ಶಾರ್ಪ್‌ನೆಸ್, ನಾಯ್ಸ್ ರಿಡಕ್ಷನ್ ಎಲ್ಲ ಆಫ್ ಆಗಿ ಬಿಳಿ ಬಣ್ಣ 6500 ಕೆಲ್ವಿನ್ ಹತ್ತಿರಕ್ಕೆ ಬರುತ್ತದೆ (ಕೆಲ್ವಿನ್ ಸಂಖ್ಯೆ ಏರಿದಷ್ಟೂ ಬಿಳಿ ನೀಲಿಗೆ ತಿರುಗುತ್ತದೆ). ಅದನ್ನು ಹಾಕಿದ ಮೊದಲ ಸಂಜೆ ಅಮ್ಮ ಧಾರಾವಾಹಿ ನೋಡಿ, "ಏನೋ ಇದು, ಎಲ್ಲರಿಗೂ ಕಾಮಾಲೆ ಬಂದ ಹಾಗಿದೆಯಲ್ಲೋ" ಅಂದರು. ಕಣ್ಣು ನೀಲಿ ಬಿಳುಪಿಗೆ ಒಗ್ಗಿಬಿಟ್ಟಿರುತ್ತದೆ, ಸರಿಯಾದ ಬಿಳಿಯೇ ಹಳದಿ ಕಾಣುತ್ತದೆ. ಸ್ವಲ್ಪ ದಿನ ಬಿಟ್ಟು ಮತ್ತೆ ವಿವಿಡ್ ಹಾಕಿ ತೋರಿಸಿದಾಗ, ಪಂಚೆಗೆ ನೀಲಿ ಜಾಸ್ತಿ ಆಗಿದೆ ಎಂದು ಅವರೇ ಬಯ್ದರು.

ಮೀಟರ್ ಇಟ್ಟು ಅಳೆಯಬೇಕೆಂಬ ಹುಚ್ಚು ಇತ್ತು. ಮದುವೆ ಆಲ್ಬಂ ಮಾಡುವ ಸ್ಟುಡಿಯೊದ ಗೆಳೆಯನ ಹತ್ತಿರ ಮಾನಿಟರ್‌ಗೆ ಬಳಸುವ ಕಲರಿಮೀಟರ್, ಅಂದರೆ ಪರದೆಯ ಬಣ್ಣ ಅಳೆಯುವ ಸಾಧನ, ಇತ್ತು. ಎಚ್‌ಸಿಎಫ್‌ಆರ್ ಎಂಬ ಸಾಫ್ಟ್‌ವೇರ್ ಪುಕ್ಕಟೆ, ಎವಿಎಸ್ ಎಚ್‌ಡಿ 709 ಎಂಬ ಟೆಸ್ಟ್ ಪ್ಯಾಟರ್ನ್‌ಗಳೂ ಪುಕ್ಕಟೆ. ಲ್ಯಾಪ್‌ಟಾಪ್‌ನಿಂದ ಎಚ್‌ಡಿಎಂಐ ಕೊಡುವಾಗ ಲ್ಯಾಪ್‌ಟಾಪ್, ಟಿವಿ ಎರಡೂ ಕಡೆ ಲಿಮಿಟೆಡ್ ರೇಂಜ್ (ಕಪ್ಪಿನಿಂದ ಬಿಳಿಯವರೆಗಿನ ಸಂಖ್ಯೆಗಳ ಮಿತಿಯ ಸೆಟ್ಟಿಂಗ್) ಇದೆಯಾ ನೋಡಿಕೊಳ್ಳಬೇಕು. ಒಂದು ಕಡೆ ಫುಲ್, ಇನ್ನೊಂದು ಕಡೆ ಲಿಮಿಟೆಡ್ ಇದ್ದರೆ ಕಪ್ಪು ಬೂದು ಬಣ್ಣವಾಗುತ್ತದೆ, ಇಲ್ಲವೇ ನೆರಳಿನ ವಿವರವೆಲ್ಲ ನುಂಗಿಹೋಗುತ್ತದೆ. ಮೀಟರ್‌ಗೆ ಪ್ಯಾನೆಲ್‌ನ ಜಾತಿಯನ್ನೂ ಹೇಳಬೇಕು: ಒಎಲ್‌ಇಡಿಯ ಬೆಳಕಿನ ರೋಹಿತ ಬೇರೆ, ಎಲ್‌ಇಡಿಯದು ಬೇರೆ, ಸರಿಯಾದ ಕರೆಕ್ಷನ್ ಫೈಲ್ ಹಾಕದಿದ್ದರೆ ಮೀಟರೇ ಸುಳ್ಳು ಹೇಳುತ್ತದೆ.

ವಿವಿಡ್‌ನಲ್ಲಿ ಎರಡು ಟಿವಿಯ ಬಿಳಿಯೂ 10,000 ಕೆಲ್ವಿನ್ ದಾಟಿತ್ತು. ಫಿಲ್ಮ್‌ಮೇಕರ್‌ನಲ್ಲಿ ಒಎಲ್‌ಇಡಿ ಡಬ್ಬದಿಂದ ತೆಗೆದಂತೆಯೇ ಸರಿಸುಮಾರು ಇತ್ತು. ಎರಡು ಪಾಯಿಂಟ್ ವೈಟ್ ಬ್ಯಾಲೆನ್ಸ್‌ನಲ್ಲಿ (ಬಿಳಿಯನ್ನು ಎರಡು ಬೆಳಕಿನ ಮಟ್ಟಗಳಲ್ಲಿ ಸರಿಮಾಡುವ ಸೆಟ್ಟಿಂಗ್) ನೀಲಿಯನ್ನು ಒಂದೆರಡು ಹೆಜ್ಜೆ ಇಳಿಸಿದರೆ ಡೆಲ್ಟಾ ಇ, ಅಂದರೆ ಸರಿಯಾದ ಬಣ್ಣಕ್ಕೂ ಕಾಣುವ ಬಣ್ಣಕ್ಕೂ ಇರುವ ಅಂತರ, ಮೂರರ ಒಳಗೆ ಬಂತು. ಅದಕ್ಕಿಂತ ಕೆಳಗೆ ಮೀಟರ್‌ಗೆ ಕಾಣುವ ವ್ಯತ್ಯಾಸ ನಮ್ಮ ಕಣ್ಣಿಗೆ ಕಾಣುವುದು ಕಷ್ಟ. ಮಿನಿ ಎಲ್‌ಇಡಿ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಮೇಲೆ ಹೇಳಿದ ವಲಯಗಳ ಬೆಳಕನ್ನು ಏರಿಳಿಸುವ ಲೋಕಲ್ ಡಿಮ್ಮಿಂಗ್ ಪ್ರತಿ ಪ್ಯಾಟರ್ನ್‌ಗೂ ಬೆಳಕು ಬದಲಿಸುತ್ತದೆ, ಹಾಗಾಗಿ ಕತ್ತಲ ಕಡೆಯ ಅಳತೆ ಒಮ್ಮೆ ಇದ್ದ ಹಾಗೆ ಇನ್ನೊಮ್ಮೆ ಇಲ್ಲ. ಮಧ್ಯದ ಬೂದುಗಳನ್ನು ಸರಿ ಮಾಡಿ ಕೈ ತೊಳೆದುಕೊಂಡೆ. 20 ಪಾಯಿಂಟ್ ವೈಟ್ ಬ್ಯಾಲೆನ್ಸ್ ಮುಟ್ಟಲೇಬೇಡಿ, ಮೀಟರ್ ಇಲ್ಲದವರಂತೂ ಖಂಡಿತ ಬೇಡ. ಯಾರೋ ಹಾಕಿದ ನಂಬರ್‌ಗಳನ್ನು ನಕಲು ಮಾಡುವುದೂ ಬೇಡ. ಒಂದೇ ಮಾದರಿಯ ಎರಡು ಟಿವಿಗಳ ಪ್ಯಾನೆಲ್ ಒಂದೇ ಥರ ಇರುವುದಿಲ್ಲ, ಬೇರೆಯವರ ಕನ್ನಡಕ ಹಾಕಿಕೊಂಡ ಹಾಗಾಗುತ್ತದೆ.

ಫಿಲ್ಮ್‌ಮೇಕರ್ ಮೋಡ್‌ನ ನಿಯಮಕ್ಕೆ ಒಂದು ವಿನಾಯಿತಿ ಮಾತ್ರ ಕೊಟ್ಟುಕೊಂಡೆ. ಸಿನಿಮಾ ಸೆಕೆಂಡಿಗೆ 24 ಫ್ರೇಮ್. ಒಎಲ್‌ಇಡಿಯ ಪಿಕ್ಸೆಲ್ ತಕ್ಷಣ ಬದಲಾಗುವುದರಿಂದ ಕ್ಯಾಮೆರಾ ನಿಧಾನಕ್ಕೆ ಪಕ್ಕಕ್ಕೆ ಸರಿಯುವಾಗ ಚಿತ್ರ ತಡವರಿಸಿದಂತೆ ಕಾಣುತ್ತದೆ. ಮೋಶನ್ ಸೆಟ್ಟಿಂಗ್ ಅನ್ನು ಅತಿ ಕಡಿಮೆಯಲ್ಲಿಟ್ಟರೆ ಅದು ಹದಕ್ಕೆ ಬರುತ್ತದೆ. ಶುದ್ಧಾಚಾರಿಗಳು ಬಯ್ಯಲಿ.

ಇನ್ನು ಡಬ್ಬದ ಮೇಲಿನ ಲೋಗೊಗಳ ಜಗಳ. ಎಚ್‌ಡಿಆರ್‌ನಲ್ಲೇ ಹಲವು ಬಗೆ. ಎಚ್‌ಡಿಆರ್‌10ರಲ್ಲಿ ಇಡೀ ಸಿನಿಮಾಕ್ಕೆ ಒಂದೇ ಮೆಟಾಡೇಟಾ, ಅಂದರೆ ಬೆಳಕು ಹೇಗಿರಬೇಕೆಂದು ಟಿವಿಗೆ ಹೇಳುವ ಸೂಚನೆ. ಡಾಲ್ಬಿ ವಿಷನ್ ಮತ್ತು ಎಚ್‌ಡಿಆರ್‌10 ಪ್ಲಸ್‌ನಲ್ಲಿ ದೃಶ್ಯದಿಂದ ದೃಶ್ಯಕ್ಕೆ ಬದಲಾಗುವ ಸೂಚನೆ. ಡಾಲ್ಬಿ ವಿಷನ್ 2014ರಿಂದ ಇದೆ, ಎಚ್‌ಡಿಆರ್‌10 ಪ್ಲಸ್ ಅನ್ನು 2017ರಲ್ಲಿ ಸ್ಯಾಮ್‌ಸಂಗ್ ಮತ್ತು ಅಮೆಜಾನ್ ಸೇರಿ ತಂದವು. ಸ್ಯಾಮ್‌ಸಂಗ್ ಟಿವಿಗಳಲ್ಲಿ ಡಾಲ್ಬಿ ವಿಷನ್ ಇಲ್ಲ, ಎಲ್‌ಜಿ ಮತ್ತು ಸೋನಿಯಲ್ಲಿ ಎಚ್‌ಡಿಆರ್‌10 ಪ್ಲಸ್ ಇಲ್ಲ, ಟಿಸಿಎಲ್, ಹೈಸೆನ್ಸ್‌ನ ಮೇಲ್ದರ್ಜೆಯ ಮಾದರಿಗಳಲ್ಲಿ ಎರಡೂ ಇವೆ. ನಮ್ಮ ಮಿನಿ ಎಲ್‌ಇಡಿಗೂ ಎರಡೂ ಬರುತ್ತವೆ, ಭಾವನ ಒಎಲ್‌ಇಡಿಗೆ ಡಾಲ್ಬಿ ವಿಷನ್ ಮಾತ್ರ. ಒಂದೇ ಸಿನಿಮಾ ಎರಡರಲ್ಲೂ ಡಾಲ್ಬಿ ವಿಷನ್‌ನಲ್ಲಿ ಓಡಿಸಿದಾಗ ಬಣ್ಣ ಬಹುಪಾಲು ಹೊಂದಿಕೊಂಡಿತು, ಉಳಿದ ವ್ಯತ್ಯಾಸ ಮೇಲೆ ಹೇಳಿದ ಪ್ಯಾನೆಲ್‌ನದೇ. ನಮ್ಮ ಟಿವಿಯಲ್ಲಿ ಅದೇ ಸಿನಿಮಾಕ್ಕೆ ಬರೀ ಎಚ್‌ಡಿಆರ್‌10 ಸಿಕ್ಕಾಗ ಸೂರ್ಯಾಸ್ತದ ಮೋಡದ ಅಂಚು ಸ್ವಲ್ಪ ಸುಟ್ಟಂತಾಯಿತು, ಅಷ್ಟೇ. ಪಕ್ಕದಲ್ಲಿ ಇನ್ನೊಂದು ಟಿವಿ ಇಲ್ಲದಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಭಾವನಿಗೆ ನಾನು ಹೇಳಿದ್ದು: ಹಾಸನದಲ್ಲಿ ಇದನ್ನು ಕೆಳಗಿನ ಹಾಲ್‌ಗೆ ಹಾಕಬೇಡಿ, ಮಹಡಿಯ ರೂಮಿಗೆ ದಪ್ಪ ಪರದೆ ಕಟ್ಟಿಸಿ ಅಲ್ಲಿಡಿ, ಡಿಶ್ ಸಂಪರ್ಕ ಕೊಡಲೇಬೇಡಿ, ಒಳ್ಳೆಯ ಸರ್ಜ್ ಪ್ರೊಟೆಕ್ಟರ್ ಮತ್ತು ಅರ್ಥಿಂಗ್ ಮೊದಲೇ ಮಾಡಿಸಿ. "ಹಾಗಾದ್ರೆ ಕೆಳಗೆ ನಿಮ್ಮ ಅಕ್ಕ ಏನು ನೋಡ್ಬೇಕು?" ಅಂದರು. ಕೆಳಗೆ ಹಳೆಯ 43 ಇಂಚಿನ ಎಲ್‌ಇಡಿ ಇರಲಿ ಅಂದೆ. ಅಕ್ಕ ಇನ್ನೂ ಒಪ್ಪಿಲ್ಲ.

2025ರ ಸೆಪ್ಟೆಂಬರ್‌ನಲ್ಲಿ ಡಾಲ್ಬಿ ವಿಷನ್ 2 ಘೋಷಣೆಯಾಯಿತು, ಅದು ಬರುವವರೆಗೆ ಕಾಯಬೇಕಾ ಎಂದು ಕೇಳುವವರಿದ್ದಾರೆ. ನಾನಾದರೆ ಕಾಯುವುದಿಲ್ಲ. ನಮ್ಮ ಡಿಶ್‌ನ ಎಚ್‌ಡಿ ಚಾನೆಲ್‌ಗಳು ಇವತ್ತಿಗೂ 1990ರ ಬಿಟಿ.709 ಎಂಬ ಎಚ್‌ಡಿ ಬಣ್ಣದ ಮಾನದಂಡದಲ್ಲೇ ಬರುತ್ತಿವೆ, ಎಚ್‌ಡಿಆರ್ ಮಾತೇ ಇಲ್ಲ. ನೆಟ್‌ಫ್ಲಿಕ್ಸ್‌ನಲ್ಲಿ 4ಕೆ ಬೇಕಿದ್ದರೆ ತಿಂಗಳಿಗೆ 649 ರೂಪಾಯಿಯ ಪ್ರೀಮಿಯಂ ಪ್ಲಾನ್, ಜೊತೆಗೆ 15 ಎಂಬಿಪಿಎಸ್ ಸತತವಾಗಿ ಸಿಗುವ ಲೈನ್ ಬೇಕು. ಆಷಾಢದ ಗಾಳಿಗೆ ಸಿಲ್ವರ್ ಓಕ್ ಕೊಂಬೆ ಬಿದ್ದು ಫೈಬರ್ ತುಂಡಾದ ವಾರ ನಮ್ಮ ಮನೆಯ ಎರಡೂ ಟಿವಿಗಳು ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಓಡಿದವು, ಆಗ ಯಾವುದರ ಚಿತ್ರವೂ ನೋಡುವ ಹಾಗಿರಲಿಲ್ಲ. ಎರಡು ಬಗೆಯ ಟಿವಿಗಳ ಬೆಲೆಯ ವ್ಯತ್ಯಾಸದಲ್ಲಿ ಉಳಿಯುವ ಹಣವನ್ನು ಮೊದಲು ಇನ್ನೊಂದು ಕಂಪನಿಯ ಇಂಟರ್‌ನೆಟ್ ಲೈನ್‌ಗೆ ಹಾಕಿ.