ಕಡಲೆಯ ಸಿಡಿ ರೋಗದ ಶಿಲೀಂಧ್ರಕ್ಕೆ ಮೂರು ಬಗೆಯ ಅಗರ್

ವಿಜಯಪುರದ ಹತ್ತಿರದ ಎರೆಹೊಲದಲ್ಲಿ ಸಿಡಿ ಹಾಯ್ದಿದ್ದ (ಸೊರಗಿ ಒಣಗುವ ರೋಗ ತಗುಲಿದ್ದ) ಕಡಲೆ ಗಿಡವೊಂದರ ಕಾಂಡದಿಂದ ಫ್ಯುಸೇರಿಯಂ ಶಿಲೀಂಧ್ರವನ್ನು ಬೇರ್ಪಡಿಸಿ, ಕಾಲೇಜಿನ ಪ್ರಯೋಗಾಲಯದಲ್ಲಿ ಮೂರು ಬಗೆಯ ಅಗರಿನ (ಶಿಲೀಂಧ್ರಕ್ಕೆ ಆಹಾರ ಬೆರೆಸಿ ತಟ್ಟೆಯಲ್ಲಿ ಹೆಪ್ಪುಗಟ್ಟಿಸುವ ಲೋಳೆ) ಮೇಲೆ ಬೆಳೆಸಿದೆ. ಪೋಷಕಾಂಶಗಳನ್ನು ಕೋಶದೊಳಗೆ ಸಾಗಿಸುವ ಪ್ರೋಟೀನುಗಳ ಜೀನುಗಳಿಗೂ ರೋಗಕ್ಕೂ ಇರುವ ನಂಟನ್ನು ವಿದ್ಯಾರ್ಥಿಗಳಿಗೆ ತೋರಿಸಲು ಯಾವ ತಟ್ಟೆ ತಕ್ಕದ್ದು ಎಂಬುದಷ್ಟೇ ನನ್ನ ಪ್ರಶ್ನೆಯಾಗಿತ್ತು.

ಆಲೂಗಡ್ಡೆ-ಡೆಕ್ಸ್ಟ್ರೋಸ್ ಅಗರಿನಲ್ಲಿ ಬೆಳವಣಿಗೆ ಸೊಂಪಾಗಿತ್ತು, ಆದರೆ ಎಲ್ಲವೂ ಕಲೆತಿರುವ ಆಹಾರದಲ್ಲಿ ಶಿಲೀಂಧ್ರ ಯಾವುದನ್ನು ಆರಿಸಿಕೊಂಡಿತೆಂದು ತಿಳಿಯುವುದಿಲ್ಲ.

ನಿಜವಾದ ಪೈಪೋಟಿ ಇದ್ದದ್ದು ಉಳಿದೆರಡು ಅಗರುಗಳಿಗೆ ಸಾರಜನಕದ ಮೂಲವಾಗಿ ಬೆರೆಸಿದ್ದ ಸೋಡಿಯಂ ನೈಟ್ರೇಟ್ ಮತ್ತು ಅಮೋನಿಯಂ ಸಲ್ಫೇಟ್‌ಗಳ ನಡುವೆ. ತಟ್ಟೆಯಲ್ಲಿ ಹರಡಿದ ಶಿಲೀಂಧ್ರದ ವಸಾಹತುವಿನ ಅಗಲವನ್ನು ಮಾತ್ರ ಅಳೆದಾಗ ಎರಡಕ್ಕೂ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಅಗರಿನ ಮೇಲೆ, ಬೇರಿನ ಹೊರಪದರದ ಬದಲಿಯಾಗಿ, ಸೆಲೊಫೇನ್ ಹಾಳೆ ಹಾಸಿ, ನಾಲ್ಕು ದಿನ ಬೆಳೆಸಿ, ಹಾಳೆಯನ್ನು ಶಿಲೀಂಧ್ರದ ಸಮೇತ ತೆಗೆದು ಮತ್ತೊಂದು ದಿನ ಕಾದಾಗ ಮಾತ್ರ ನೈಟ್ರೇಟ್ ತಟ್ಟೆಯಲ್ಲಿ ಹಾಳೆಯನ್ನು ತೂರಿ ಕೆಳಗಿಳಿದ ಎಳೆಗಳು ಬಿಳಿಯಾಗಿ ಮೂಡಿದವು; ಅಮೋನಿಯಂ ತಟ್ಟೆ ಬರಿದಾಗಿಯೇ ಉಳಿಯಿತು. (ಮೊದಲ ಸಲ ಪೇಟೆಯ ಹೂವಿನಂಗಡಿಯಿಂದ ತಂದ ಹಾಳೆಯನ್ನು ಎರಡೂ ತೂರಲಿಲ್ಲ, ಅದು ಸೆಲ್ಯುಲೋಸಿನ ಸೆಲೊಫೇನ್ ಆಗಿರದೆ ಪ್ಲಾಸ್ಟಿಕ್ ಆಗಿತ್ತು. ನೀರಿನಲ್ಲಿ ಅದ್ದಿದರೆ ಮೆತ್ತಗಾಗುವುದೇ ಅಸಲಿ ಹಾಳೆ.)

ಟೊಮೆಟೊ ಸೊರಗು ರೋಗದ ಫ್ಯುಸೇರಿಯಂ ಅಮೋನಿಯಂ ಇದ್ದಾಗ ಬೇರಿಗೆ ಅಂಟಿಕೊಳ್ಳುವುದನ್ನೂ ಸೆಲೊಫೇನ್ ತೂರುವುದನ್ನೂ ಹತ್ತಿಕ್ಕುತ್ತದೆಂದು 2010ರಲ್ಲಿಯೇ ತೋರಿಸಲಾಗಿತ್ತು. ಅಮೋನಿಯಂ ಸುಲಭವಾಗಿ ದಕ್ಕುವಾಗ ನೈಟ್ರೇಟ್ ಸಾಗಿಸುವ ಪ್ರೋಟೀನಿನ ಜೀನನ್ನು ಶಿಲೀಂಧ್ರ ಅದುಮಿಡುತ್ತದೆ. ಆದರೂ ಅಮೋನಿಯಂ ಒಳಗೆ ಹೋದಂತೆ ಮಾಧ್ಯಮ ಹುಳಿಯಾಗುವುದರಿಂದ ಬಫರ್ (ಹುಳಿಯ ಮಟ್ಟ ಬದಲಾಗದಂತೆ ತಡೆಯುವ ರಾಸಾಯನಿಕ) ಇಲ್ಲದೆ ಈ ಹೋಲಿಕೆಯನ್ನು ನಂಬಬಾರದು. ಹಾಗೆ ಮಾಡಿದ ನನ್ನ ಒಂದು ಸುತ್ತನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಹೀಗಾಗಿ ನನ್ನ ಆಯ್ಕೆ ನೈಟ್ರೇಟ್ ತಟ್ಟೆ. ಅಮೋನಿಯಂ ತಟ್ಟೆ ಅದರ ಪಕ್ಕದಲ್ಲಿ ಇರಲೇಬೇಕು. ಆದರೆ ಇವೆರಡೂ ಶಿಲೀಂಧ್ರದ ನಡತೆಯನ್ನು ತೋರಿಸುತ್ತವೆಯೇ ಹೊರತು ಯಾವ ಜೀನಿನ ಕೆಲಸವೆಂದು ಹೇಳುವುದಿಲ್ಲ. ಅದಕ್ಕೆ ಜೀನನ್ನೇ ತೆಗೆದು ನೋಡಬೇಕು. ಮೆಕ್ಕೆಜೋಳದ ಕಾಡಿಗೆ ರೋಗದ ಶಿಲೀಂಧ್ರದಲ್ಲಿ ಸುಕ್ರೋಸನ್ನು ಒಡೆಯದೆ ನೇರವಾಗಿ ಒಳಗೆಳೆಯುವ ಎಸ್‌ಆರ್‌ಟಿ1 ಜೀನನ್ನು ತೆಗೆದಾಗ ರೋಗಶಕ್ತಿ ಬಹಳವಾಗಿ ಕುಗ್ಗಿತು. ಬೂದು ಕೊಳೆ ತರುವ ಬಾಟ್ರೈಟಿಸ್‌ನಲ್ಲಿ ಫ್ರಕ್ಟೋಸ್ ಸಾಗಿಸುವ ಎಫ್‌ಆರ್‌ಟಿ1 ತೆಗೆದಾಗ ರೋಗಶಕ್ತಿ ಏನೂ ಕುಗ್ಗಲಿಲ್ಲ. ನಮ್ಮಲ್ಲಿ ಆ ಸೌಕರ್ಯವಿಲ್ಲದ್ದರಿಂದ, ಅಮೋನಿಯಂನ ದಾರಿಯಲ್ಲಿಯೇ ಒಳನುಗ್ಗುವ ವಿಷವಾದ ಮೀಥೈಲ್ ಅಮೋನಿಯಂ ಬೆರೆಸಿದ ತಟ್ಟೆಯನ್ನು ಮುಂದಿನ ಹಿಂಗಾರಿನಲ್ಲಿ ಮೂರನೆಯದಾಗಿ ಸೇರಿಸಲಿದ್ದೇನೆ.